ಹಳೇ ಫೈಬರ್ ದೋಣಿ ಅಡಿಯಲ್ಲಿ ಬೊಕ್ಕೆ ಎದ್ದಿದೆ, ಕುತ್ತಿದ್ರೆ ಹುಳಿ ವಾಸನೆಯ ನೀರು ಬರ್ತದೆ, ಮೇಲಿಂದ ಮ್ಯಾಟ್ ಹೊಡೆದ್ರೆ ಸಾಕಾ?

ಪಂಚಗಂಗಾವಳಿ_ದೋಣಿ (ಏಪ್ರಿಲ್ 9)

ಎಲ್ಲರಿಗೂ ನಮಸ್ಕಾರ. ನಾನು ಗಂಗೊಳ್ಳಿ ಕಡೆಯವ. ನಮ್ಮದೊಂದು 28 ಅಡಿ ಫೈಬರ್ ನಾಡದೋಣಿ ಉಂಟು, 2005ರಲ್ಲಿ ಕಟ್ಟಿದ್ದು, ನಾವು ಸೆಕೆಂಡ್ ಹ್ಯಾಂಡ್ ತಗೊಂಡು 7 ವರ್ಷ ಆಯ್ತು. ಹಿಂದೆ ಔಟ್‌ಬೋರ್ಡ್ ಇಂಜಿನ್, ನಡುವೆ ಮೀನು ಹಾಕ್ಲಿಕ್ಕೆ ಐಸ್ ಪೆಟ್ಟಿಗೆ, ಅದನ್ನು ದೋಣಿ ಜೊತೆಗೇ ಫೈಬರ್ ಮಾಡಿ ಕೂರಿಸಿದ್ದಾರೆ.

ಈ ಸಲ ದಡಕ್ಕೆ ಎಳೆದು ಅಡಿಗೆ ಹತ್ತಿದ ಚಿಪ್ಪು ಪಾಚಿ ಎಲ್ಲ ಕೆರೆದು ಪಂಪಿನಲ್ಲಿ ತೊಳೆದು ನೋಡಿದ್ರೆ ನೀರಿನ ಗೆರೆಯಿಂದ ಕೆಳಗೆ ಸಿಡುಬು ಎದ್ದ ಹಾಗೆ ಬೊಕ್ಕೆ ಮಾರಾಯ್ರೆ. ಎಣಿಸಿದೆ, ಸುಮಾರು 70 ಉಂಟು. ಹೆಚ್ಚಿನದ್ದು ಕಡಲೆ ಕಾಳಿನಷ್ಟು, ಒಂದು ಹದಿನೈದು ಇಪ್ಪತ್ತು ಬೊಕ್ಕೆ ಮಾತ್ರ ಒಂದು ರೂಪಾಯಿ ನಾಣ್ಯದಷ್ಟು ದೊಡ್ಡದು. ದೊಡ್ಡದೊಂದನ್ನು ಮೊಳೆಯಲ್ಲಿ ಕುತ್ತಿದೆ, ಪಿಚಕ್ ಅಂತ ನೀರು ಹಾರಿತು, ಮೂಸಿದ್ರೆ ವಿನೆಗರ್ ತರ ಹುಳಿ ವಾಸನೆ, ಬೆರಳಲ್ಲಿ ತಿಕ್ಕಿದ್ರೆ ಜಿಡ್ಡು ಜಿಡ್ಡು. ಸಮುದ್ರದ ನೀರು ಹಾಗಿರುದಿಲ್ಲ ಅಲ್ವಾ.

ಇನ್ನೊಂದು ವಿಷಯ, ದೋಣಿ ಭಾರ ಆಗಿದೆ. ಮೊದಲು 8 ಜನ ಸೇರಿದ್ರೆ ಮರಳ ಮೇಲೆ ಎಳೀತಿದ್ವಿ, ಈಗ 11 ಜನ ಬೇಕಾಯ್ತು. ನೀರಲ್ಲಿ ನಿಂತಾಗ ಪಾಚಿ ಗೆರೆ ಕೂಡ ಮೊದಲಿಗಿಂತ ಮೂರು ಬೆರಳು ಮೇಲೆ ಬಂದಿದೆ. ಬೊಕ್ಕೆಯೊಳಗಿನ ನೀರಿಂದಲೇ ಭಾರ ಆದದ್ದು ಅಂತ ನನ್ನ ಲೆಕ್ಕ.

ಇಲ್ಲಿಯ ಫೈಬರ್ ಕೆಲಸದವರೊಬ್ಬರನ್ನು ಕರೆಸಿದೆ, ಅವರು ಎರಡು ನಿಮಿಷ ನೋಡಿ, ಬೊಕ್ಕೆ ಎಲ್ಲ ಗ್ರೈಂಡರ್ ಹೊಡೆದು ಮೇಲಿಂದ ಎರಡು ಲೇಯರ್ ಮ್ಯಾಟ್ (ಗಾಜಿನ ಎಳೆಯ ಹಾಸು) ಎಳೆದ್ರೆ ಆಯ್ತು, ನಾಲ್ಕು ದಿನದ ಕೆಲಸ ಅಂದ್ರು. ಅಪ್ಪಯ್ಯ ಮರದ ದೋಣಿ ಕಾಲದವರು, ಅವರಿಗೆ ಗೇರೆಣ್ಣೆ ಹಚ್ಚಿ ಬಿಸಿಲಿಗೆ ಹಾಕಿದ್ರೆ ಸರಿ ಆಗ್ತದೆ ಅನ್ನುವ ನಂಬಿಕೆ, ಫೈಬರಿಗೆ ಅದೆಲ್ಲ ಆಗ್ಲಿಕ್ಕಿಲ್ಲ ಅಂತ ನಾನು ಹೇಳಿದೆ.

ಜೂನ್ 1ಕ್ಕೆ ದೊಡ್ಡ ಯಾಂತ್ರಿಕ ಬೋಟಿನವರಿಗೆ ಮಳೆಗಾಲದ ಮೀನುಗಾರಿಕೆ ರಜೆ ಬಿದ್ರೆ ನಮ್ಮ ನಾಡದೋಣಿಯವರಿಗೆ ಕೆಲಸ ಶುರು ಆಗುದೇ ಆಗ, ಆ ಎರಡು ತಿಂಗಳಲ್ಲೇ ವರ್ಷದ ಅರ್ಧ ದುಡಿಮೆ. ಹಾಗಾಗಿ ನನ್ನ ಕೈಯಲ್ಲಿ ಇರುದು 7 ವಾರ. ಮ್ಯಾಟ್ ಹೊಡೆಸಿ ಬಿಡ್ಲಾ, ಬೇರೆ ಎಂತಾದ್ರೂ ನೋಡ್ಬೇಕಾ? ಗೊತ್ತಿದ್ದವರು ಹೇಳಿ.

ರೆಸಿನ್_ಕೈ (ಏಪ್ರಿಲ್ 9)

ಅಣ್ಣ ದಯವಿಟ್ಟು ಮ್ಯಾಟ್ ಹೊಡೆಸ್ಬೇಡಿ. ನಾನು ಮಂಗಳೂರು ಬೆಂಗ್ರೆ ಕಡೆ 16 ವರ್ಷದಿಂದ ಇದೇ ಕೆಲಸ ಮಾಡುವವ, ನಾನೇ ಮೊದಲು ಹೀಗೆ ಮಾಡಿ ಕೊಟ್ಟಿದ್ದೇನೆ, ಒಂದು ವರ್ಷಕ್ಕೆ ಆ ಹೊಸ ಮ್ಯಾಟ್ ಹಪ್ಪಳದ ಹಾಗೆ ಎದ್ದು ಬಂತು. ಒಳಗೆ ಒದ್ದೆ ಇರುವ ಫೈಬರ್ ಮೇಲೆ ಪಾಲಿಯೆಸ್ಟರ್ ರೆಸಿನ್ (ಗಾಜಿನ ಎಳೆಗೆ ಹಾಕಿ ಗಟ್ಟಿ ಮಾಡುವ ದ್ರವ) ಹಿಡಿಯುದಿಲ್ಲ, ಮೇಲಿಂದ ಮುಚ್ಚಿದ್ರೆ ಒಳಗಿನ ನೀರಿಗೆ ಹೊರಗೆ ಬರ್ಲಿಕ್ಕೆ ದಾರಿಯೂ ಇಲ್ಲ, ಮತ್ತೆ ನೀವು ಅಷ್ಟು ದಪ್ಪ ಭಾರ ಹೊತ್ತುಕೊಂಡು ತಿರುಗುದು ಬೇರೆ.

ಬೊಕ್ಕೆ ಯಾಕೆ ಬರ್ತದೆ ಅಂತ ಮೊದಲು ಅರ್ಥ ಮಾಡಿ. ದೋಣಿಯ ಹೊರಗಿನ ಬಣ್ಣದ ಪದರ ಉಂಟಲ್ಲ, ಜೆಲ್ ಕೋಟ್, ಅದು ಅರ್ಧ ಮಿಲಿಮೀಟರ್ ಆಚೀಚೆ ದಪ್ಪ ಅಷ್ಟೇ. ಅದರಲ್ಲಿ ನೀರು ಹೋಗುದೇ ಇಲ್ಲ ಅಂತ ಎಲ್ಲರೂ ತಿಳ್ಕೊಂಡಿದ್ದಾರೆ. ಹೋಗ್ತದೆ, ಬಹಳ ನಿಧಾನ ಹೋಗ್ತದೆ. ಒಳಗೆ ರೆಸಿನ್ ಪೂರ್ತಿ ಗಟ್ಟಿ ಆಗದೆ ಉಳಿದ ಸಾಮಾನು, ಮ್ಯಾಟಿನ ಎಳೆ ಹಿಡಿಸ್ಲಿಕ್ಕೆ ಹಾಕಿದ ಗೋಂದು, ಇಂಥದ್ದೆಲ್ಲ ಆ ನೀರಲ್ಲಿ ಕರಗಿ ಒಂದು ಪಾಕದ ತರ ಆಗ್ತದೆ. ಆಮೇಲೆ ಆ ಪಾಕ ಹೊರಗಿನ ನೀರನ್ನು ಎಳೀತದೆ. ಈಗ ಮನೆಯಲ್ಲಿ ಮಾವಿನ ಮಿಡಿಗೆ ಉಪ್ಪು ಹಾಕ್ತಾರಲ್ಲ, ಉಪ್ಪಿರುವ ಕಡೆಗೆ ಮಿಡಿಯ ನೀರೆಲ್ಲ ಹೊರಟು ಬರ್ತದೆ, ಅದೇ ಕೆಲಸ ಇಲ್ಲಿ ನಡೀತಾ ಉಂಟು, ಪಾಕ ಇರುದು ಜೆಲ್ ಕೋಟಿನ ಹಿಂದೆ, ನೀರು ಹೊರಗಿಂದ ಒಳಗೆ ಬರುದು. ಒಳಗೆ ಒತ್ತಡ ಆದಾಗ ಜೆಲ್ ಕೋಟ್ ಉಬ್ಬಿ ಬೊಕ್ಕೆ. ನೀವು ಕುತ್ತಿದಾಗ ಪಿಚಕ್ ಅಂತ ಹಾರಿದ್ದು ಅದೇ ಒತ್ತಡಕ್ಕೆ. ಮತ್ತೆ ಒಂದು ಮಾತು, ಕನ್ನಡಕ ಹಾಕದೆ ಕುತ್ಬೇಡಿ, ಅದು ಹುಳಿ ನೀರು, ಕಣ್ಣಿಗೆ ಹಾರಿದ್ರೆ ಕಷ್ಟ.

ಹಳೇ ದೋಣಿಗಳಲ್ಲಿ ಇದು ಜಾಸ್ತಿ ಯಾಕೆ ಅಂದ್ರೆ, ಕಡಿಮೆ ರೇಟಿಗೆ ಕಟ್ಟುವಾಗ ಸಾದಾ ಜಿಪಿ ರೆಸಿನ್ ಹಾಕ್ತಾರೆ, ಐಸೋ ರೆಸಿನ್ ಹಾಕಿದ್ರೆ ನೀರಿಗೆ ತಡೀತದೆ ಆದ್ರೆ ದುಡ್ಡು ಹೆಚ್ಚು. ಮಳೆಗಾಲದಲ್ಲಿ ಕಟ್ಟಿದ ದೋಣಿ ಆದ್ರೆ ಇನ್ನೂ ಕಷ್ಟ, ಮ್ಯಾಟ್ ಗಾಳಿಯ ಪಸೆ ಕುಡಿದಿರ್ತದೆ, ರೆಸಿನ್ ಸರಿ ಗಟ್ಟಿ ಆಗುದಿಲ್ಲ.

ಈಗ ನೀವು ಮಾಡ್ಬೇಕಾದ್ದು, ಇವತ್ತೇ ಒಂದು ಮಾರ್ಕರ್ ತಗೊಂಡು ಎಲ್ಲ ಬೊಕ್ಕೆಗೂ ಸುತ್ತ ಗೆರೆ ಹಾಕಿ ಫೋಟೋ ತೆಗೀರಿ. ದೋಣಿ ಒಣಗ್ತಾ ಹೋದ ಹಾಗೆ ಸಣ್ಣ ಬೊಕ್ಕೆಗಳು ಇಳಿದು ಮಾಯ ಆಗ್ತವೆ, ವಾರ ಬಿಟ್ಟು ನೋಡಿದ್ರೆ ವಾಸಿ ಆಯ್ತು ಅಂತ ಅನ್ನಿಸ್ತದೆ, ವಾಸಿ ಆಗಿರುದಿಲ್ಲ. ರಾತ್ರಿ ಟಾರ್ಚನ್ನು ದೋಣಿಯ ಮೈಗೆ ತಾಗಿಸಿ ಅಡ್ಡ ಬೆಳಕು ಬಿಟ್ಟು ನೋಡಿ, ಹಗಲಲ್ಲಿ ಕಾಣದ್ದು ನೆರಳು ಬಿದ್ದು ಕಾಣ್ತದೆ.

ಶಾರ್ಜಾ_ಡ್ರೈಡಾಕ್ (ಏಪ್ರಿಲ್ 10)

ನಾನು ಮೈಸೂರಿನವನು, ಹನ್ನೊಂದು ವರ್ಷದಿಂದ ಶಾರ್ಜಾದ ಒಂದು ಬೋಟ್ ಯಾರ್ಡ್‌ನಲ್ಲಿ ಸರ್ವೆ ಕೆಲಸ ಮಾಡ್ತಿದ್ದೀನಿ, ಫೈಬರ್ ಬೋಟುಗಳದ್ದೇ. ಮೇಲಿನವರು ಹೇಳಿದ್ದು ಸರಿಯಾಗಿದೆ. ನಾನು ಒಂದು ವಿಷಯದ ಮೇಲೆ ಜಾಸ್ತಿ ಒತ್ತಿ ಹೇಳ್ಬೇಕು, ದಯವಿಟ್ಟು ಬೇಜಾರಿಲ್ಲದೆ ಓದಿ.

ನಿಮ್ಮ ದೋಣಿ ಭಾರ ಆಗಿರೋದಕ್ಕೂ ಗುಳ್ಳೆಗಳಿಗೂ ನೇರ ಸಂಬಂಧ ಇಲ್ಲ. ಲೆಕ್ಕ ಹಾಕಿ ನೋಡಿ. ರೂಪಾಯಿ ನಾಣ್ಯದಷ್ಟು ಗುಳ್ಳೆಯಲ್ಲಿ ನೀರು ಅರ್ಧ ಮಿಲಿಲೀಟರ್ ಕೂಡ ಇರಲ್ಲ. ಎಲ್ಲಾ 70 ಗುಳ್ಳೆನೂ ಅಷ್ಟೇ ದೊಡ್ಡದು ಅಂದ್ಕೊಂಡ್ರೂ ಸೇರಿಸಿದ್ರೆ 35 ಮಿಲಿ, ಒಂದು ಸಣ್ಣ ಕಾಫಿ ಲೋಟ ಕೂಡ ತುಂಬಲ್ಲ. ಅಷ್ಟಕ್ಕೆ ಮೂರು ಜನ ಜಾಸ್ತಿ ಬೇಕಾಗಲ್ಲ, ನೀರಿನ ಗೆರೆ ಮೂರು ಬೆರಳು ಮೇಲೆ ಬರಲ್ಲ. ಲ್ಯಾಮಿನೇಟ್, ಅಂದ್ರೆ ಮ್ಯಾಟ್ ರೆಸಿನ್ ಸೇರಿದ ಪದರಗಳು, ಪೂರ್ತಿ ನೀರು ಕುಡಿದ್ರೂ ಅಷ್ಟು ಭಾರ ಆಗಲ್ಲ. ಅಂದ್ರೆ ಬೇರೆ ಎಲ್ಲೋ ಹತ್ತಾರು ಲೀಟರ್, ಬಹುಶಃ ನೂರಕ್ಕಿಂತ ಜಾಸ್ತಿ ನೀರು ಬಚ್ಚಿಟ್ಟುಕೊಂಡಿದೆ. ಗುಳ್ಳೆ ಕಣ್ಣಿಗೆ ಕಾಣೋದ್ರಿಂದ ಎಲ್ಲರೂ ಅದರ ಹಿಂದೆ ಬೀಳ್ತಾರೆ, ನಿಮ್ಮ ಫೈಬರ್ ಕೆಲಸದವರು ಮಾಡಿದ್ದೂ ಅದೇ.

ಆ ನೀರು ಎಲ್ಲಿರಬಹುದು? ನನಗೆ ಮೊದಲ ಅನುಮಾನ ನಿಮ್ಮ ಐಸ್ ಪೆಟ್ಟಿಗೆ ಸುತ್ತ ಮತ್ತು ನೆಲದ ಕೆಳಗೆ ತುಂಬಿರೋ ಪಿಯು (ಪಾಲಿಯುರೆಥೇನ್) ಫೋಮ್ ಮೇಲೆ. ಹೊಸದಾಗಿದ್ದಾಗ ಅದು ನೀರು ಕುಡಿಯಲ್ಲ, ಆದ್ರೆ ವರ್ಷಗಟ್ಟಲೆ ನೀರಲ್ಲಿ ಕೂತ್ರೆ, ದೋಣಿ ಅಲೆ ಹೊಡೆತಕ್ಕೆ ಅಲುಗಾಡಿ ಅಲುಗಾಡಿ ಅದರ ಸಣ್ಣ ಸಣ್ಣ ಕೋಶಗಳು ಒಡೆದ್ರೆ, ಸ್ಪಂಜ್ ತರ ಕುಡಿಯುತ್ತೆ. ಒಂದಡಿ ಉದ್ದ ಒಂದಡಿ ಅಗಲ ಒಂದಡಿ ಎತ್ತರದ ಜಾಗ ಅಂದ್ರೆ 28 ಲೀಟರ್, ಅಂಥದ್ದು ನಾಲ್ಕು ಜಾಗ ತುಂಬಿದ್ರೂ ನಿಮ್ಮ ಆ ಮೂರು ಜನದ ಲೆಕ್ಕ ಸಿಕ್ಕಿಬಿಡುತ್ತೆ. ಎರಡನೇ ಅನುಮಾನ ಇಂಜಿನ್ ಕೂರಿಸೋ ಹಿಂಬದಿ, ಟ್ರಾನ್ಸಮ್. ಅದರ ಒಳಗೆ ಪ್ಲೈವುಡ್ ಇರುತ್ತೆ, ಬೋಲ್ಟ್ ತೂತಿನಿಂದ ನೀರು ಇಳಿದ್ರೆ ಹೊರಗಿಂದ ನೋಡೋಕೆ ಚೆನ್ನಾಗೇ ಇದ್ದು ಒಳಗೆ ಕೊಳೆತಿರುತ್ತೆ.

ಈಗ ನನಗೆ ಒಂದು ಉತ್ತರ ಬೇಕು. ಗುಳ್ಳೆಗಳು ಎಲ್ಲಾ ಕಡೆ ಸಮವಾಗಿ ಇದಾವಾ, ಇಲ್ಲ ಒಂದು ಜಾಗದಲ್ಲಿ ಗುಂಪಾಗಿದಾವಾ? ಮುಂದೆ ಹಿಂದೆ ಎಲ್ಲಾ ಸಮವಾಗಿದ್ರೆ ನೀರು ಹೊರಗಿಂದ ಬಂದಿದೆ, ರೆಸಿನ್ನೇ ಸರಿ ಇಲ್ಲ ಅಂತ ತಿಳ್ಕೋಬಹುದು. ಐಸ್ ಪೆಟ್ಟಿಗೆ ನೇರ ಕೆಳಗೆ ಗುಂಪಾಗಿದ್ರೆ ನೀರು ಒಳಗಿಂದಲೂ ಬರ್ತಿದೆ. ಒಳಗಡೆ ಜೆಲ್ ಕೋಟ್ ಇರಲ್ಲ, ಬರೀ ಫೈಬರ್ ಮೇಲೆ ಒಂದು ಕೈ ಬಣ್ಣ ಇರುತ್ತೆ ಅಷ್ಟೇ, ಕರಗಿದ ಐಸ್ ನೀರು ಸಿಹಿ ನೀರು, ಅದು ಅಲ್ಲಿ 24 ಗಂಟೆ ನಿಂತಿರುತ್ತೆ. ಸಿಹಿ ನೀರಿಗೆ ಈ ಕಾಯಿಲೆ ಸಮುದ್ರದ ನೀರಿಗಿಂತ ಬೇಗ ಬರುತ್ತೆ, ಯಾಕಂದ್ರೆ ಒಳಗಿನ ಪಾಕಕ್ಕೂ ಹೊರಗಿನ ನೀರಿಗೂ ಅಂತರ ಜಾಸ್ತಿ ಇದ್ದಷ್ಟೂ ಎಳೆತ ಜಾಸ್ತಿ. ನಿಮ್ಮ ಊರಿನ ವಿಷಯದಲ್ಲಿ ಇದು ಎರಡು ಸಲ ಲೆಕ್ಕಕ್ಕೆ ಬರುತ್ತೆ, ಸೌಪರ್ಣಿಕ, ವಾರಾಹಿ, ಚಕ್ರ, ಕುಬ್ಜ, ಖೇಟಕ ಅಂತ ಐದು ಹೊಳೆ ಬಂದು ಸೇರೋ ಜಾಗ ಅದು, ಮಳೆಗಾಲದಲ್ಲಿ ನಿಮ್ಮ ದೋಣಿ ನಿಲ್ಲೋ ನೀರು ಹೆಚ್ಚುಕಮ್ಮಿ ಸಿಹಿಯೇ. ನೀರು ಬೆಚ್ಚಗಿದ್ದಷ್ಟೂ ಇನ್ನೂ ಬೇಗ. ತಣ್ಣೀರಿನ ದೇಶದಲ್ಲಿ ಇಪ್ಪತ್ತು ವರ್ಷ ತಗೊಳೋದು ನಮ್ಮ ಕಡೆ ಅದಕ್ಕಿಂತ ಮುಂಚೆನೇ ಆಗಬಹುದು.

ಪರೀಕ್ಷೆಗಳು, ಖರ್ಚಿಲ್ಲದ್ದು ಹೇಳ್ತೀನಿ. ಕನ್ನಡಕ ಹಾಕ್ಕೊಂಡು ನಾಲ್ಕೈದು ಗುಳ್ಳೆ ಒಡೀರಿ, ಬೇರೆ ಬೇರೆ ಜಾಗದ್ದು. ನಿಮ್ಮ ಕಡೆ ಸಿಗಡಿ ಕೆರೆ ಇಟ್ಟವರ ಹತ್ರ ನೀರಿನ ಹುಳಿ ನೋಡೋ ಪಿಎಚ್ ಪೇಪರ್ ಇರುತ್ತೆ, ಎರಡು ಪಟ್ಟಿ ಇಸ್ಕೊಳ್ಳಿ. ಸಮುದ್ರದ ನೀರು 8ರ ಹತ್ರ ತೋರಿಸುತ್ತೆ. ಗುಳ್ಳೆ ನೀರು 5 ಅಥವಾ ಅದಕ್ಕಿಂತ ಕೆಳಗೆ ತೋರಿಸಿದ್ರೆ ಅದು ನಿಜವಾದ ಆಸ್ಮಾಸಿಸ್, ಅಂದ್ರೆ ಮೇಲೆ ಹೇಳಿದ ಪಾಕ ನೀರು ಎಳೆಯೋ ಕಾಯಿಲೆ. 7, 8 ತೋರಿಸಿ ವಾಸನೆನೂ ಇಲ್ಲ ಅಂದ್ರೆ ಬರೀ ಪೇಂಟ್ ಎದ್ದಿದೆ, ಅದಕ್ಕೆ ಪೇಂಟ್ ಕೆರೆದು ಹೊಡೆದ್ರೆ ಮುಗೀತು. ಒಡೆದ ಗುಳ್ಳೆಯ ತಳ ನೋಡಿ. ತಳದಲ್ಲಿ ಜೆಲ್ ಕೋಟ್ ಬಣ್ಣವೇ ಇದ್ರೆ ಗುಳ್ಳೆ ಪೇಂಟ್ ಒಳಗಿದೆ. ಫೈಬರ್ ಕಂಡು ಅದು ಗಟ್ಟಿ ಇದ್ರೆ ಜೆಲ್ ಕೋಟ್ ಹಿಂದಿನದು, ಇದು ಸಾಮಾನ್ಯ. ಎಳೆಗಳು ಬಿಳಿಯಾಗಿ, ಸ್ಕ್ರೂ ಡ್ರೈವರ್‌ನಲ್ಲಿ ಒತ್ತಿದ್ರೆ ಕಿತ್ಕೊಂಡು ಬಂದ್ರೆ ಆಗ ಮಾತ್ರ ಭಯ ಪಡಿ, ಅದು ಲ್ಯಾಮಿನೇಟ್ ಒಳಕ್ಕೆ ಹೋಗಿದೆ.

ಆಮೇಲೆ ಸ್ಕ್ರೂ ಡ್ರೈವರ್ ಪ್ಲಾಸ್ಟಿಕ್ ಹಿಡಿಯಲ್ಲಿ ಇಡೀ ಅಡಿಯನ್ನು ತಟ್ಟುತ್ತಾ ಹೋಗಿ, ಗೇಣಿಗೆ ಒಂದು ಸಲ. ಗಟ್ಟಿ ಫೈಬರ್ ಟಣ್ ಅನ್ನುತ್ತೆ, ಪದರ ಬಿಟ್ಟಿರೋ ಜಾಗ ಡಬ್ ಅನ್ನುತ್ತೆ, ಹಲಸಿನ ಹಣ್ಣು ತಟ್ಟಿ ನೋಡಿದವರಿಗೆ ಈ ವ್ಯತ್ಯಾಸ ಹೇಳಿಕೊಡೋದು ಬೇಡ. ಒಳಗೆ ಫೋಮ್ ಅಥವಾ ಅಡ್ಡಪಟ್ಟಿ ಇರೋ ಕಡೆನೂ ಶಬ್ದ ಬದಲಾಗುತ್ತೆ, ಅದನ್ನ ನೋಡ್ಕೊಂಡು ಗುರುತು ಹಾಕಿ.

ಪ್ಲಾಸ್ಟಿಕ್ ಪರೀಕ್ಷೆ ಅಂತ ಇದೆ. ಪೇಂಟ್ ಕೆರೆದ ಜಾಗದಲ್ಲಿ ಒಂದಡಿ ಚೌಕ ಪಾರದರ್ಶಕ ಪಾಲಿಥೀನ್ ಇಟ್ಟು ನಾಲ್ಕೂ ಅಂಚು ಟೇಪ್ ಹಾಕಿ ಗಾಳಿ ಹೋಗದ ಹಾಗೆ ಮುಚ್ಚಿ. ಒಂದು ನೀರಿನ ಗೆರೆಯಿಂದ ಮೇಲೆ, ಎರಡು ಮೂರು ಕೆಳಗೆ. ಒಂದೆರಡು ದಿನ ಬಿಸಿಲು ಬೀಳೋ ಹಾಗೆ ಬಿಡಿ. ಕೆಳಗಿನ ಪ್ಲಾಸ್ಟಿಕ್ ಒಳಗೆ ಬೆವರು ಹನಿ ಕಟ್ಟಿ ಮೇಲಿನದು ಒಣಗಿದ್ರೆ ಹಲ್, ಅಂದ್ರೆ ದೋಣಿಯ ಮೈ, ಒದ್ದೆ ಇದೆ. ದೋಣಿ ಎಳೆದ ಮಾರನೇ ದಿನ ಇದನ್ನ ಮಾಡಬೇಡಿ, ಮೇಲ್ಮೈ ಪಸೆ ಹೋಗಲಿ, ಸಿಹಿ ನೀರಲ್ಲಿ ತೊಳೆದು ಉಪ್ಪು ತೆಗೆದು ಆಮೇಲೆ.

ಮಾಯಿಶ್ಚರ್ ಮೀಟರ್ ಬಗ್ಗೆ ಯಾರಾದ್ರೂ ಹೇಳಿದ್ರೆ, ಮರದ ಅಂಗಡಿಯಲ್ಲಿ ಎರಡು ಸೂಜಿ ಚುಚ್ಚಿ ನೋಡೋ ಮೀಟರ್ ಇಲ್ಲಿ ಕೆಲಸಕ್ಕೆ ಬರಲ್ಲ. ನಾವು ಬಳಸೋದು ಮೈಗೆ ತಾಗಿಸಿ ನೋಡೋ ಬೇರೆ ತರದ್ದು, ಅದರಲ್ಲೂ ಬರೋ ನಂಬರ್ ಶೇಕಡಾ ಇಷ್ಟು ನೀರು ಅಂತ ಅರ್ಥ ಅಲ್ಲ, ಒಂದು ಜಾಗಕ್ಕೂ ಇನ್ನೊಂದು ಜಾಗಕ್ಕೂ ಹೋಲಿಸಿ ನೋಡೋಕೆ ಅಷ್ಟೇ. ಚಿಪ್ಪು ಪಾಚಿ ಹತ್ತದ ಹಾಗೆ ಹಚ್ಚೋ ತಾಮ್ರ ಇರೋ ಆಂಟಿಫೌಲಿಂಗ್ ಪೇಂಟ್, ಉಪ್ಪು, ಹಿಂದೆ ಇರೋ ಒದ್ದೆ ಫೋಮ್ ಎಲ್ಲವೂ ಅದನ್ನ ಸುಳ್ಳು ಹೇಳಿಸುತ್ತೆ. ಮೀಟರ್ ಕೆಂಪು ತೋರಿಸ್ತು ಅಂತ ಒಳ್ಳೆ ಬೋಟನ್ನ ಹಾಳು ಅಂದಿದ್ದನ್ನ ನಾನು ಕಣ್ಣಾರೆ ನೋಡಿದೀನಿ.

ಕಾಳಿ_ದಡ (ಏಪ್ರಿಲ್ 10)

ಕಾರವಾರದಿಂದ. ಟ್ರಾನ್ಸಮ್ ವಿಷಯ ಮೇಲಿನವರು ಒಂದು ಸಾಲಲ್ಲಿ ಹೇಳಿ ಮುಂದೆ ಹೋದ್ರು, ನಾನು ಅದನ್ನೇ ಹಿಡಿದು ಹೇಳ್ತೇನೆ ಯಾಕಂದ್ರೆ ನಮಗೆ ಆದದ್ದು ಅದೇ. ನಾಲ್ಕು ವರ್ಷದ ಹಿಂದೆ ನಾವೂ ಅಡಿಯ ಬೊಕ್ಕೆ ನೋಡ್ಕೊಂಡು ತಲೆಬಿಸಿ ಮಾಡಿ ಅದಕ್ಕೇ ಎಲ್ಲ ದುಡ್ಡು ಹಾಕಿದ್ವಿ. ಆ ವರ್ಷ ಆಗಸ್ಟಲ್ಲಿ ದೇವಗಡ ದ್ವೀಪದ ಆಚೆ ಅಲೆಗೆ ಇಂಜಿನ್ ಎತ್ತಿ ಬಡಿದಾಗ ಹಿಂಬದಿ ಕರ್ ಅಂತ ಶಬ್ದ ಬಂತು, ತಿರುಗಿ ನೋಡಿದ್ರೆ ಇಂಜಿನ್ ಬ್ರಾಕೆಟ್ ಸಮೇತ ಹಿಂದಕ್ಕೆ ವಾಲಿದೆ. ಹಗ್ಗ ಕಟ್ಟಿ ಹಿಡ್ಕೊಂಡು ಇನ್ನೊಂದು ದೋಣಿಯವರು ಎಳೆದು ತಂದ್ರು. ಬಿಚ್ಚಿ ನೋಡಿದ್ರೆ ಒಳಗಿನ ಪ್ಲೈವುಡ್ ಕೈಯಲ್ಲಿ ಹಿಂಡಿದ್ರೆ ಚಹಾ ಚರಟದ ಹಾಗೆ ಉದುರ್ತಿತ್ತು. ಮೇಲಿನ ಫೈಬರ್ ಎರಡೂ ಕಡೆ ಚಂದ ಇತ್ತು.

ನೋಡುದು ಹೇಗೆ ಅಂದ್ರೆ ಇಂಜಿನನ್ನು ಮೇಲಕ್ಕೆ ಎತ್ತಿ ಇಟ್ಟು ಅದರ ಕಾಲು ಹಿಡಿದು ಮೇಲೆ ಕೆಳಗೆ ಅಲುಗಾಡಿಸಿ, ಇನ್ನೊಬ್ಬರು ಟ್ರಾನ್ಸಮ್ ಮೇಲೆ ಕೈ ಇಟ್ಟು ನೋಡ್ಲಿ, ಅದು ಬಗ್ಗಿದ ಹಾಗೆ ಆದ್ರೆ ಒಳಗೆ ಹಾಳು. ಬೋಲ್ಟ್ ಸುತ್ತ ಕಂದು ಬಣ್ಣದ ನೀರು ಇಳಿದ ಕಲೆ ಉಂಟಾ ನೋಡಿ. ಬೋಲ್ಟ್ ಒಂದು ಬಿಚ್ಚಿ ತೂತಿನ ಒಳಗೆ ಸ್ಕ್ರೂ ಡ್ರೈವರ್ ಹಾಕಿ ಕೆರೆದ್ರೆ ಮರ ಗಟ್ಟಿ ಉಂಟಾ ಪುಡಿ ಆಗ್ತದಾ ಗೊತ್ತಾಗ್ತದೆ. ಒಳಗಡೆಯಿಂದ ಕೆಳಗೆ, ನೆಲ ಸೇರುವ ಜಾಗದಲ್ಲಿ ಒಂದು ಸಣ್ಣ ಡ್ರಿಲ್ ಹೊಡೆದು ಹೊರಗೆ ಬರುವ ಪುಡಿ ನೋಡಿ, ಒಣಗಿದ ತಿಳಿ ಬಣ್ಣದ್ದು ಬಂದ್ರೆ ಒಳ್ಳೇದು, ಕಪ್ಪು ಒದ್ದೆ ಬಂದ್ರೆ ಬೊಕ್ಕೆ ಎಲ್ಲ ಬಿಟ್ಟು ಮೊದಲು ಅದನ್ನೇ ಮಾಡ್ಸಿ. ಬೊಕ್ಕೆ ಇದ್ದ ದೋಣಿ ಮುಳುಗಿದ್ದು ನಾನು ನೋಡ್ಲಿಲ್ಲ.

ಪಂಚಗಂಗಾವಳಿ_ದೋಣಿ (ಏಪ್ರಿಲ್ 15)

ಎಲ್ಲರೂ ಇಷ್ಟು ಬಿಡಿಸಿ ಬರೆದದ್ದಕ್ಕೆ ತುಂಬ ಉಪಕಾರ ಆಯ್ತು. ಫೈಬರ್ ಕೆಲಸದವರಿಗೆ ಸದ್ಯ ಬೇಡ ಹೇಳಿದೆ. ಐದು ದಿನ ನಾನೂ ಭಾವನೂ ಇದೇ ಕೆಲಸದಲ್ಲಿ ಇದ್ವಿ.

ಪಿಎಚ್ ಪೇಪರ್ ಸಿಕ್ಕಿತು. ಐದು ಬೊಕ್ಕೆ ಒಡೆದದ್ದರಲ್ಲಿ ನಾಲ್ಕು 4ರಿಂದ 5ರ ನಡುವೆ ಬಣ್ಣ ತೋರಿಸಿತು, ಮುಂದಿನ ಮೂತಿ ಹತ್ರದ್ದು ಒಂದು 8, ಅದು ಬರೀ ಪೇಂಟ್. ತಳದಲ್ಲಿ ಫೈಬರ್ ಕಾಣ್ತದೆ, ಒತ್ತಿ ನೋಡಿದೆ, ಗಟ್ಟಿ ಉಂಟು, ಎಳೆ ಎದ್ದು ಬರುದಿಲ್ಲ. ಇದು ನೋಡಿ ಸ್ವಲ್ಪ ಜೀವ ಬಂತು.

ಮಾರ್ಕರಲ್ಲಿ ಗೆರೆ ಹಾಕಿದ್ಮೇಲೆ ದೂರ ನಿಂತು ನೋಡಿದ್ರೆ ನೀವು ಕೇಳಿದ ಪ್ರಶ್ನೆಗೆ ಉತ್ತರ ಕಣ್ಣೆದುರೇ ಇತ್ತು. 70ರಲ್ಲಿ 50ಕ್ಕೂ ಹೆಚ್ಚು ಐಸ್ ಪೆಟ್ಟಿಗೆಯ ನೇರ ಕೆಳಗೆ. ಉಳಿದದ್ದು ಅಲ್ಲೊಂದು ಇಲ್ಲೊಂದು. ಇದು ಇಷ್ಟು ದಿನ ಗೊತ್ತೇ ಆಗ್ಲಿಲ್ಲ. ಪ್ಲಾಸ್ಟಿಕ್ ಕೂಡ ಹಾಗೇ, ಮೇಲಿನದು ಒಣ, ಮುಂದಿನದರಲ್ಲಿ ಸ್ವಲ್ಪ ಮಂಜು, ಪೆಟ್ಟಿಗೆ ಕೆಳಗಿನದರಲ್ಲಿ ಹನಿ ಇಳಿದು ಟೇಪ್ ಹತ್ರ ನೀರು ನಿಂತಿತ್ತು.

ಆಮೇಲೆ ಧೈರ್ಯ ಮಾಡಿ ಪೆಟ್ಟಿಗೆ ಒಳಗಿಂದ ನೆಲಕ್ಕೆ ಎರಡು ಇಂಚಿನ ತೂತು ಕೊರೆದ್ವಿ. ಫೋಮ್ ಹಳದಿ ಬಿಟ್ಟು ಕಂದು ಆಗಿದೆ, ಒಂದು ತುಂಡು ತೆಗೆದು ಮುಷ್ಟಿಯಲ್ಲಿ ಹಿಂಡಿದ್ರೆ ಬಟ್ಟೆ ಹಿಂಡಿದ ಹಾಗೆ ನೀರು. ರಾತ್ರಿ ದೋಣಿ ಹಿಂದಕ್ಕೆ ಇಳಿಜಾರು ಮಾಡಿ ಅಡಿಯಲ್ಲಿ ಬಕೆಟ್ ಇಟ್ಟಿದ್ವಿ, ಬೆಳಿಗ್ಗೆಗೆ ಒಂದೂವರೆ ಬಕೆಟ್ ಆಗಿತ್ತು, ಮೀನಿನ ಗಬ್ಬು ವಾಸನೆ, ಇನ್ನೂ ತೊಟ್ಟಿಕ್ಕುತ್ತಾ ಉಂಟು. ಟ್ರಾನ್ಸಮ್ ಡ್ರಿಲ್ ಹೊಡೆದು ನೋಡಿದ್ವಿ, ಮೂರು ಕಡೆ ಒಣ ಪುಡಿ, ಬಲಬದಿ ಕೆಳಗಿನ ಬೋಲ್ಟ್ ಹತ್ರ ಮಾತ್ರ ಸ್ವಲ್ಪ ಪಸೆ, ಮರ ಗಟ್ಟಿ ಉಂಟು.

ಅಪ್ಪಯ್ಯ ಆ ಫೋಮ್ ತುಂಡು ಕೈಯಲ್ಲಿ ಹಿಡ್ಕೊಂಡು ತುಂಬ ಹೊತ್ತು ಮಾತಾಡ್ಲಿಲ್ಲ. ನಾವು ಆಷಾಢದಲ್ಲಿ ಅಳಿವೆ ದಾಟುವವರು. ದೋಣಿ ಮಗುಚಿದ್ರೆ ಈ ಫೋಮ್ ತೇಲಿಸ್ತದೆ ಅಂತ ನಂಬಿ ಇಷ್ಟು ವರ್ಷ ಹೋದದ್ದು.

ಈಗ ಎಂತದು ಮೊದಲು, ಎಂತದು ಆಮೇಲೆ ಹೇಳಿ. 6 ವಾರ ಉಂಟು.

ಶಾರ್ಜಾ_ಡ್ರೈಡಾಕ್ (ಏಪ್ರಿಲ್ 15)

ನಿಮ್ಮ ಅಪ್ಪಯ್ಯನವರು ಸುಮ್ಮನಾಗಿದ್ದರ ಅರ್ಥ ನನಗೆ ಗೊತ್ತಾಯ್ತು. ಫೋಮ್ ಮೊದಲು. ಉಳಿದಿದ್ದೆಲ್ಲ ಆಮೇಲೆ. ಒದ್ದೆ ಫೋಮನ್ನ ಒಣಗಿಸೋಕೆ ಹೋಗಬೇಡಿ, ಒಡೆದ ಕೋಶ ಮತ್ತೆ ಕೂಡಲ್ಲ, ಪೆಟ್ಟಿಗೆ ನೆಲ ಕತ್ತರಿಸಿ ಪೂರ್ತಿ ತೆಗೀರಿ. ತೆಗೆದ ಮೇಲೆ ಒಳಗಿಂದ ಹಲ್ ಕಾಣುತ್ತೆ, ಅಲ್ಲಿ ಬಿಳಿ ಬಿಳಿ ಎಳೆ ಎದ್ದಿರೋ ಜಾಗ ಇದ್ಯಾ ನೋಡಿ ಫೋಟೋ ಹಾಕಿ.

ಗುಳ್ಳೆಗಳನ್ನ ಒಡೆದು ತೆರೆದಿಡಿ, ಅಂಚು ಇಳಿಜಾರಾಗಿ ಕೆರೆದು. ಬರೀ ಬಿಸಿಲಿಗೆ ಬಿಟ್ರೆ ಒಣಗಲ್ಲ, ಇದು ಮುಖ್ಯ. ಆ ಜಿಡ್ಡು ಗ್ಲೈಕಾಲ್, ಅದು ಹಾರಿ ಹೋಗಲ್ಲ, ಗಾಳಿಯಿಂದ ಮತ್ತೆ ಪಸೆ ಎಳೆದುಕೊಳ್ಳುತ್ತೆ. ಬಿಸಿ ಸಿಹಿ ನೀರಲ್ಲಿ ಬ್ರಷ್ ಹಾಕಿ ಉಜ್ಜಿ, ಎರಡು ದಿನ ಬಿಡಿ, ಮತ್ತೆ ಉಜ್ಜಿ. ಅಂಟು ಹೋಗಿ ವಾಸನೆ ಹೋಗೋ ತನಕ, ಐದಾರು ಸಲ ಬೇಕಾಗಬಹುದು. ಮೇಲೆ ಟಾರ್ಪಾಲ್ ಹಾಕಿದ್ರೆ ಮೈಗೆ ತಾಗದ ಹಾಗೆ, ಕೆಳಗೆ ಗಾಳಿ ಆಡೋ ಹಾಗೆ ಕಟ್ಟಿ, ಮೇ ತಿಂಗಳ ಮಧ್ಯಕ್ಕೆ ಒಂದೊಂದು ಮಳೆ ಬರುತ್ತೆ.

ತುಂಬೋಕೆ ಪಾಲಿಯೆಸ್ಟರ್ ಪುಟ್ಟಿ ಬೇಡ, ಎಪಾಕ್ಸಿಯೇ (ಅದು ಬೇರೆ ತರದ ರೆಸಿನ್) ಆಗ್ಬೇಕು. ಇಡೀ ಅಡಿಗೆ ಎಪಾಕ್ಸಿ ಬ್ಯಾರಿಯರ್ ಕೋಟ್ ಅಂತ ಬರುತ್ತೆ, ಒಟ್ಟು 250, 300 ಮೈಕ್ರಾನ್ ಆಗೋ ತನಕ ಐದಾರು ಕೋಟ್. ಅದನ್ನ ಈ ವರ್ಷ ಮಾಡಬೇಡಿ ಅಂತ ನನ್ನ ಸಲಹೆ. 6 ವಾರದಲ್ಲಿ ನಿಮ್ಮ ಹಲ್ ಒಣಗಲ್ಲ, ಒದ್ದೆ ಮೇಲೆ ಒಳ್ಳೇ ತಡೆಗೋಡೆ ಕಟ್ಟಿದ್ರೆ ನೀರನ್ನ ಒಳಗೇ ಬೀಗ ಹಾಕಿ ಇಟ್ಟ ಹಾಗೆ. ಡಿಸೆಂಬರ್‌ನಿಂದ ಫೆಬ್ರವರಿ ನಿಮ್ಮ ಕರಾವಳಿಯಲ್ಲಿ ಗಾಳಿ ಒಣಗಿರುತ್ತೆ, ಆಗ ಎರಡು ತಿಂಗಳು ದಡದಲ್ಲಿ ಬಿಡೋಕಾದ್ರೆ ಆಗ ಮಾಡಿ.

ರೆಸಿನ್_ಕೈ (ಏಪ್ರಿಲ್ 16)

ಬ್ಯಾರಿಯರ್ ಕೋಟ್ ಈಗ ಬೇಡ ಅನ್ನುದಕ್ಕೆ ನನ್ನದೂ ಒಪ್ಪಿಗೆ ಉಂಟು. ಒಂದರಲ್ಲಿ ಮಾತ್ರ ನನಗೆ ಬೇರೆ ಅಭಿಪ್ರಾಯ, ಕೀಲು (keel), ಅಂದ್ರೆ ದೋಣಿ ಅಡಿಯ ನಡುವಿನ ಉದ್ದ ಏಣು, ಅದರ ಬಗ್ಗೆ ಯಾರೂ ಕೇಳ್ಲೇ ಇಲ್ಲ. ಮರಳಲ್ಲಿ ಎಳೆಯುವ ದೋಣಿಗೆ ಕೀಲಿನ ಜೆಲ್ ಕೋಟ್ ಸವೆದು ಫೈಬರ್ ಎಳೆ ಹೊರಗೆ ಬಂದಿರ್ತದೆ, ಅದು ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಉದ್ದಕ್ಕೂ ನೀರು ಎಳೀತದೆ, ಅದನ್ನು ಡಿಸೆಂಬರ್ ತನಕ ಬಿಡ್ಲಿಕ್ಕೆ ಆಗುದಿಲ್ಲ. ಕೊನೆ ಎರಡು ವಾರದಲ್ಲಿ ಕೀಲಿಗೆ ಮಾತ್ರ ಎಪಾಕ್ಸಿ ಹಾಕಿ ಬಟ್ಟೆ ಎಳೀರಿ. ಒಂದು ವಿಷಯ, ಎಪಾಕ್ಸಿಗೆ ಮ್ಯಾಟ್ ಹಾಕ್ಬೇಡಿ, ಮ್ಯಾಟಿನ ಗೋಂದು ಹೆಚ್ಚಿನದ್ದು ಪಾಲಿಯೆಸ್ಟರಲ್ಲಿ ಕರಗುವ ತರದ್ದು, ಎಪಾಕ್ಸಿಯಲ್ಲಿ ಸರಿ ನೆನೆಯುದಿಲ್ಲ, ನೇಯ್ದ ಗ್ಲಾಸ್ ಬಟ್ಟೆ ತಗೊಳ್ಳಿ. ನಮ್ಮ ಕಡೆ ಗಾಳಿಯ ಪಸೆಗೆ ಎಪಾಕ್ಸಿ ಒಣಗುವಾಗ ಮೇಲೆ ಮೇಣದ ತರ ಒಂದು ಪೊರೆ ಬರ್ತದೆ, ಮುಂದಿನ ಕೋಟ್ ಮೊದಲು ಅದನ್ನು ನೀರು ಹಾಕಿ ಸ್ಕ್ರಬ್ಬರಲ್ಲಿ ತೊಳೆದು ಉಜ್ಜು ಕಾಗದ ಹೊಡೀರಿ, ಇಲ್ಲದಿದ್ರೆ ಹಿಡಿಯುದಿಲ್ಲ.

ಪೆಟ್ಟಿಗೆ ನೆಲ ಮತ್ತೆ ಕೂರಿಸ್ಲಿಕ್ಕೆ ಪಾಲಿಯೆಸ್ಟರ್ ಬಳಸುದಾದ್ರೆ ಕೋಬಾಲ್ಟನ್ನು (ಬೇಗ ಗಟ್ಟಿ ಆಗ್ಲಿಕ್ಕೆ ಹಾಕುವ ದ್ರವ) ಮೊದಲು ರೆಸಿನ್ನಿಗೆ ಪೂರ್ತಿ ಕಲಸಿ, ಆಮೇಲೆ ಹಾರ್ಡ್ನರ್. ಎರಡನ್ನೂ ಒಟ್ಟಿಗೆ ಒಂದು ಪಾತ್ರೆಗೆ ಹಾಕಿದ್ರೆ ಸಿಡೀತದೆ, ಇದನ್ನು ಹೊಸ ಹುಡುಗರಿಗೆ ನಾನು ಮೊದಲ ದಿನವೇ ಹೇಳುದು. ಫೋಮ್ ತೆಗೆಯುವಾಗ, ಗ್ರೈಂಡರ್ ಹಿಡಿಯುವಾಗ ಮಾಸ್ಕ್ ಬಿಡ್ಬೇಡಿ.

ಹೊಸ ಫೋಮ್ ಸುರಿಯುದಕ್ಕಿಂತ ಒಂದು ಯೋಚನೆ ಹೇಳ್ತೇನೆ, ಬಾಯಿ ಮುಚ್ಚಿ ಸೀಲ್ ಮಾಡಿದ ಪ್ಲಾಸ್ಟಿಕ್ ಕ್ಯಾನ್‌ಗಳನ್ನು ಒತ್ತೊತ್ತಾಗಿ ಜೋಡಿಸಿ ಕಟ್ಟಿ, ಕೆಳಗೆ ನೀರು ಹರಿದು ಹೋಗ್ಲಿಕ್ಕೆ ದಾರಿ ಮತ್ತೆ ಒಂದು ಡ್ರೈನ್ ಬಿರಡೆ ಇಡಿ. ವರ್ಷಕ್ಕೊಮ್ಮೆ ತೆಗೆದು ನೋಡ್ಲಿಕ್ಕೆ ಆಗ್ತದೆ. ಮುಚ್ಚಿಟ್ಟ ಜಾಗ ಕಣ್ಣಿಗೆ ಕಾಣದೆ ಇದ್ದದ್ದರಿಂದಲೇ ನಿಮಗೆ ಹೀಗಾದ್ದು.

ಪಂಚಗಂಗಾವಳಿ_ದೋಣಿ (ಮೇ 4)

ಫೋಮ್ ಪೂರ್ತಿ ತೆಗೆದ್ವಿ, ಗೋಣಿಯಲ್ಲಿ ತುಂಬಿ ಮೀನಿನ ತಕ್ಕಡಿಯಲ್ಲಿ ಇಟ್ಟು ತೂಗಿದೆ, 138 ಕೆಜಿ. ಒಳಗಡೆ ಹಲ್ ಮೇಲೆ ಒಂದೂವರೆ ಅಡಿ ಜಾಗದಲ್ಲಿ ಬಿಳಿ ಎಳೆ ಕಾಣ್ತದೆ, ತಟ್ಟಿದ್ರೆ ಅಲ್ಲಿ ಮಾತ್ರ ಡಬ್ ಶಬ್ದ, ಫೋಟೋ ಹಾಕ್ತೇನೆ. ಬೊಕ್ಕೆ ಎಲ್ಲ ಒಡೆದು ನಾಲ್ಕು ಸಲ ಬಿಸಿನೀರು ಹಾಕಿ ಉಜ್ಜಿ ಆಯ್ತು, ಮುಂದಿನ ಕಡೆ ವಾಸನೆ ಹೋಗಿದೆ, ಪೆಟ್ಟಿಗೆ ಅಡಿಯದ್ದು ಇನ್ನೂ ಸ್ವಲ್ಪ ಅಂಟು ಉಂಟು. ಕೀಲು ನೋಡಿದೆ, ನೀವು ಹೇಳಿದ ಹಾಗೆಯೇ ಮೂರು ಅಡಿ ಉದ್ದ ಎಳೆ ಹೊರಗೆ ಬಂದಿದೆ, ನೇಯ್ದ ಬಟ್ಟೆ ಮಂಗಳೂರಿಂದ ತರಿಸ್ತಾ ಇದ್ದೇನೆ. ಕ್ಯಾನ್ ಯೋಚನೆ ಅಪ್ಪಯ್ಯನಿಗೆ ತುಂಬ ಹಿಡಿಸಿತು, ಅವರೇ ಪೇಟೆಗೆ ಹೋಗಿ 5 ಲೀಟರಿನದ್ದು 24 ತಂದು, ಒಂದೊಂದನ್ನೇ ಬಕೆಟಿನಲ್ಲಿ ಮುಳುಗಿಸಿ ಗುಳ್ಳೆ ಬರ್ತದಾ ನೋಡ್ತಾ ಕೂತಿದ್ದಾರೆ.